ಬೀಡಿ ಬಿಟ್ಟ ಮಳೆಗಾಲ

ಮೇ 31 ಬಂತೆಂದರೆ ಆಸ್ಪತ್ರೆಗಳ ಗೋಡೆಯ ಮೇಲೆ ವಿಶ್ವ ತಂಬಾಕು ರಹಿತ ದಿನದ ಬ್ಯಾನರು ಕಾಣಿಸುತ್ತದೆ. ಕಾರವಾರ, ಅಂಕೋಲೆಯ ಕಡಲಂಚಿನವರಿಗೆ ಆ ದಿನದ ಲೆಕ್ಕವೇ ಬೇರೆ. ಮರುದಿನದಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲದಲ್ಲಿ, ಬೇಲೆಕೇರಿಯಲ್ಲಿ ಟ್ರಾಲರುಗಳು ಒಂದಕ್ಕೊಂದು ಆತುಕೊಂಡು ನಿಲ್ಲುತ್ತವೆ. ಐಸು ಒಡೆಯುವ ಸದ್ದು, ಹರಾಜಿನ ಕೂಗು ಅಡಗುತ್ತವೆ. ವರ್ಷವಿಡೀ ನೀರ ಮೇಲಿದ್ದ ಗಂಡಸರು ಮನೆ ಸೇರುತ್ತಾರೆ. ನಮ್ಮ ಹಾರವಾಡದಲ್ಲಿ ಬೀಡಿ ಬಿಡುತ್ತೇನೆಂದು ಹೊರಡುವವರು ಹೆಚ್ಚಾಗಿ ಈ ಹೊತ್ತನ್ನೇ ಹಿಡಿಯುತ್ತಾರೆ. ಕೈಯಲ್ಲಿ ಕಾಸು ಕಡಿಮೆ, ಥಂಡಿಗೆ ಕೆಮ್ಮು ಜಾಸ್ತಿ, ಕೆಮ್ಮಿದ್ದನ್ನು ಕೇಳಿಸಿಕೊಳ್ಳಲು ಹೆಂಡತಿ ಮಕ್ಕಳು ಪಕ್ಕದಲ್ಲೇ ಇರುತ್ತಾರೆ.

ಬಿಡುವುದು ಕಷ್ಟವೆಂದು ಎಲ್ಲರೂ ಹೇಳುತ್ತಾರೆ. ಬಿಟ್ಟವನ ಮನೆಯಲ್ಲಿ ಆ ದಿನಗಳನ್ನು ಕಳೆಯುವುದು ಎಷ್ಟು ಕಷ್ಟವೆಂದು ಹೇಳುವವರು ಕಡಿಮೆ. ನಾನು ಬರೆಯಹೊರಟಿರುವುದು ಅದನ್ನೇ.

ಅಂಕೋಲೆಯ ಬಡಗೇರಿಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ನಿಂತದ್ದು ಈ ಸೀಮೆಯವರಿಗೆಲ್ಲ ಗೊತ್ತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಅವರ ಹಾಡುಗಳ ಜೊತೆಗೆ ಆ ಹೋರಾಟವನ್ನೂ ಜನ ನೆನೆದರು. ಬೀಡಿಯ ಮೇಲೆ ಹೆಂಗಸರಿಗೆ ಅಂಥ ರೋಷ ಹುಟ್ಟಿದ್ದನ್ನು ನಾನು ಕಂಡಿಲ್ಲ. ಕಾರಣ ಸರಳ. ಕುಡಿದು ಬಂದವನು ಪಾತ್ರೆ ಬಿಸಾಡುತ್ತಾನೆ. ಬೀಡಿ ಸೇದುವವನು ಜಗಲಿಯ ತುದಿಯಲ್ಲಿ ಸುಮ್ಮನೆ ಕುಳಿತಿರುತ್ತಾನೆ. ಬೀಡಿಯಿಂದ ಪುಪ್ಪುಸಕ್ಕೆ ಆಗುವ ಕೇಡು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆ. ಸದ್ದಾಗುವುದು ಅದನ್ನು ಬಿಟ್ಟಾಗ. ಸಾರಾಯಿ ಸೇರಿದರೆ ಮನೆಯಲ್ಲಿ ಗಲಾಟೆ, ಬೀಡಿ ಹೋದರೆ ಗಲಾಟೆ. ಹಾಗಾಗಿ ಮನೆಯವರಿಗೇ ಒಂದು ಹಂತದಲ್ಲಿ, ಇವನು ಸೇದುತ್ತಿದ್ದಾಗಲೇ ಚೆನ್ನಾಗಿತ್ತಲ್ಲ ಎನಿಸಿಬಿಡುತ್ತದೆ. ಬಿಟ್ಟ ಬೀಡಿ ಮತ್ತೆ ಹತ್ತಿಕೊಳ್ಳುವುದು ಎಷ್ಟೋ ಸಲ ಅಲ್ಲಿಂದಲೇ.

ನನ್ನ ದೊಡ್ಡಪ್ಪ ಬೈತಖೋಲದ ಟ್ರಾಲರಿನಲ್ಲಿ ಖಲಾಸಿ. ಹುಡುಗನಾಗಿದ್ದಾಗಲೇ ಶುರುವಾದ ಬೀಡಿ. ದೋಣಿಯ ಮೇಲೆ ಬೆಂಕಿಪೆಟ್ಟಿಗೆ ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಲುಂಗಿಯ ಗಂಟಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಸೇದಬೇಕಾದ ಮುಂದಿನ ಬೀಡಿ ಸದಾ ಬಲಗಿವಿಯ ಮೇಲೆ. ಒಂದು ಜೂನ್‌ನಲ್ಲಿ ಅವರು ಬಿಟ್ಟರು. ಮಾಡಿನ ಕೆಳಗೆ ಕೂತು ಬಲೆ ರಿಪೇರಿ ಮಾಡುತ್ತಿದ್ದರು. ಹರಿದ ಬಲೆಯ ಅಂಚನ್ನು ಕಾಲ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ನೂಲು ಸುತ್ತಿದ ಸೂಜಿಯನ್ನು ಕಣ್ಣಿಂದ ಕಣ್ಣಿಗೆ ದಾಟಿಸುತ್ತ ನಾಲ್ಕಾರು ಗಂಟು ಹಾಕುವರು. ಅಷ್ಟರಲ್ಲಿ ಬಲಗೈ ತಾನಾಗಿ ಕಿವಿಯ ಹತ್ತಿರ ಹೋಗುವುದು. ಅಲ್ಲಿ ಏನೂ ಇಲ್ಲ. ಬೆರಳುಗಳು ಕಿವಿಯ ಹಿಂದೆ ಒಂದು ಗಳಿಗೆ ತಡಕಾಡಿ ಕೆಳಗಿಳಿಯುವವು. ಮುಖ ಗಂಟಿಕ್ಕುವುದು. ಮತ್ತೆ ನಾಲ್ಕಾರು ಗಂಟು, ಮತ್ತೆ ಕೈ ಕಿವಿಗೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ.

ಮೂರನೆಯ ದಿನ ಗಂಜಿ ಬಿಸಿಯೆಂದು ಬಟ್ಟಲು ದೂಡಿದರು. ಮರುದಿನ, ಅರ್ಧ ಹೆಣೆದ ಬಲೆಯನ್ನು ಚಾಕು ತೆಗೆದು ಕೊಯ್ದೇ ಬಿಟ್ಟರು. ಮೊಮ್ಮಗು ರೇಡಿಯೋದ ಕಿವಿ ತಿರುವಿತೆಂದು ಗದರಿದ ಗದರಿಗೆ ಅದು ಎರಡು ದಿನ ಅವರ ಹತ್ತಿರ ಸುಳಿಯಲಿಲ್ಲ. ದೊಡ್ಡಮ್ಮ ನನ್ನನ್ನು ಹಿತ್ತಲಿಗೆ ಕರೆದು ಹೇಳಿದರು: “ತಮಾ, ಅಂಗಡಿಗೆ ಹೋಗಿ ಒಂದ್ ಕಟ್ಟು ತಂದ್ಕೊಡು. ಸೇದ್ಕಂಡು ತಣ್ಣಗಿರಲಿ. ನಂಗೆ ಸಾಕಾತು.”

ಆ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಂಡನಿಗೆ ಏನಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ನಾನು ಸಿಗರೇಟು ಬಿಟ್ಟ ಕಾಲದಲ್ಲಿ ನನಗೂ ಯಾರೂ ಹೇಳಿರಲಿಲ್ಲ. ಕಾರವಾರದಲ್ಲಿ ಕೆಲಸ ಮುಗಿಸಿ ಟಾಗೋರ್ ಕಡಲತೀರದಲ್ಲಿ ಕುಳಿತು ಕಾರಣವೇ ಇಲ್ಲದೆ ಕಣ್ಣೀರು ಹಾಕಿದ ಸಂಜೆಗಳಿವೆ. ಮನಸ್ಸಿಗೆ ಏನೋ ರೋಗ ಹಿಡಿಯಿತೆಂದು ಹೆದರಿದ್ದೆ. ಆಮೇಲೆ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನೇ ಅಂದು ಹಿತ್ತಲಿನಲ್ಲಿ ನಿಂತು ದೊಡ್ಡಮ್ಮನಿಗೆ ಹೇಳಿದೆ.

ಎಳೆದ ಹೊಗೆಯ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳನ್ನು ಮುಟ್ಟಿ, ಹಿತವೆನಿಸುವ ಡೋಪಮಿನ್ ಎಂಬ ರಸವನ್ನು ಹರಿಸುತ್ತದೆ. ದಿನವೂ ಹೀಗಾದರೆ ನಿಕೋಟಿನ್ನನ್ನು ಹಿಡಿದುಕೊಳ್ಳುವ ತಾಣಗಳನ್ನೇ ಮಿದುಳು ಹೆಚ್ಚಿಸಿಕೊಳ್ಳುತ್ತದೆ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಇಳಿದಂತೆ ಆ ತಾಣಗಳೆಲ್ಲ ಖಾಲಿ ಬಿದ್ದು ಚಡಪಡಿಕೆ ಹುಟ್ಟುತ್ತದೆ. ಇನ್ನೊಂದು ಹಚ್ಚಿದರೆ ಚಡಪಡಿಕೆ ಹೋಗುತ್ತದೆ. ಬೀಡಿಯಿಂದ ಮನಸ್ಸು ಶಾಂತವಾಯಿತೆಂದು ಸೇದುವವನು ನಂಬುವುದು ಹೀಗೆ. ಆ ಅಶಾಂತಿಯನ್ನು ತಂದದ್ದು ಹಿಂದಿನ ಬೀಡಿಯೇ. ಪೂರ್ತಿ ಬಿಟ್ಟವನಿಗೆ ಸಿಡುಕು, ಆತಂಕ, ನಿದ್ದೆಗೇಡು, ವಿಪರೀತ ಹಸಿವು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು, ಮಂಕು ಕವಿಯುವುದು ಎಲ್ಲ ಒಟ್ಟಿಗೆ ಬರುತ್ತವೆ. ಮೊದಲ ಎರಡು ಮೂರು ದಿನ ಅವು ಜೋರು. ಮೊದಲ ವಾರ ದಾಟಿದರೆ ಇಳಿಯತೊಡಗುತ್ತವೆ. ಹೆಚ್ಚಿನವರಿಗೆ ಎರಡರಿಂದ ನಾಲ್ಕು ವಾರಗಳಲ್ಲಿ ಮುಗಿಯುತ್ತವೆ.

“ಹಾಗಾದ್ರೆ ಇದು ಅವರ ಸಿಟ್ಟಲ್ಲ?” ಎಂದು ದೊಡ್ಡಮ್ಮ ಕೇಳಿದರು. ಸಿಟ್ಟು ಅವರದೇ, ಆದರೆ ಅದಕ್ಕೊಂದು ಅವಧಿ ಇದೆ ಎಂದೆ. ಆ ಅವಧಿಯ ವಿಷಯ ಅವರಿಗೆ ಸಮಾಧಾನ ಕೊಟ್ಟಿತು. ಕೊನೆಯಿಲ್ಲದ ಸಿಟ್ಟನ್ನು ಯಾರೂ ತಡೆದುಕೊಳ್ಳಲಾರರು. ಮೂರು ವಾರದ ಸಿಟ್ಟನ್ನು ತಡೆದುಕೊಳ್ಳಬಹುದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಮಂದಿ ಒಂದಲ್ಲ ಒಂದು ಬಗೆಯಲ್ಲಿ ತಂಬಾಕು ಬಳಸುವವರು. ಹೊಗೆ ಸೇದುವವರೇ ನೂರಕ್ಕೆ ಒಂಬತ್ತರ ಹತ್ತಿರ. ಅವರಲ್ಲಿ ಒಬ್ಬೊಬ್ಬರ ಹಿಂದೆಯೂ ಒಂದು ಮನೆ ಇದೆ. ಬಿಡಿ, ಬಿಡಿ ಎಂದು ಸೇದುವವನಿಗೆ ಉಪದೇಶ ಮಾಡುವ ನಾವು ಆ ಮನೆಗೆ ಈ ಮೂರು ವಾರದ ಲೆಕ್ಕ ಹೇಳಿಕೊಡುವುದಿಲ್ಲ. ನನಗೆ ಇದು ದೊಡ್ಡ ಲೋಪವೆಂದೇ ಅನಿಸುತ್ತದೆ.

ದೊಡ್ಡಪ್ಪನ ಮನೆಯಲ್ಲಿ ಅಂದು ಒಂದು ಒಪ್ಪಂದವಾಯಿತು. ಸಿಟ್ಟು ಏರುತ್ತಿದೆ ಎನಿಸಿದ ಕೂಡಲೇ ದೊಡ್ಡಪ್ಪ ಎದ್ದು ಹೊರಗೆ ಹೋಗಬೇಕು. ಹೋದವರನ್ನು ಯಾರೂ ಕೇಳಬಾರದು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂಬ ರೂಢಿ ನಮ್ಮಲ್ಲಿ ಮೊದಲೇ ಇರುವುದರಿಂದ ಯಾರಿಗೂ ಇದು ಹೊಸದಾಗಿ ಕಾಣಲಿಲ್ಲ. ಅವರು ಕೊಡೆ ಹಿಡಿದು ರೈಲು ನಿಲ್ದಾಣದ ಕಡೆ ನಡೆಯುತ್ತಿದ್ದರು. ಹಾರವಾಡದ್ದು ಸಣ್ಣ ನಿಲ್ದಾಣ, ಕೊಂಕಣ ರೈಲ್ವೆಯ ದೊಡ್ಡ ಗಾಡಿಗಳು ನಿಲ್ಲದೆ ಹೋಗಿಬಿಡುತ್ತವೆ. ಬೀಡಿಯ ಆಸೆಯನ್ನು ಅವರಿಗೆ ವಿವರಿಸಲು ನನಗೆ ಸಿಕ್ಕಿದ್ದೂ ಆ ಗಾಡಿಗಳೇ. ದೂರದಿಂದ ಸದ್ದು ಬರುತ್ತದೆ, ಏರುತ್ತದೆ, ಕಾಲ ಕೆಳಗಿನ ನೆಲ ಅದುರುತ್ತದೆ, ಇನ್ನು ತಡೆಯಲಾರೆ ಎನ್ನುವಾಗ ಗಾಡಿ ದಾಟಿ ಹೋಗಿರುತ್ತದೆ. ಒಂದು ಸಲ ಎದ್ದ ಆಸೆ ಐದು ನಿಮಿಷ, ಹೆಚ್ಚೆಂದರೆ ಹತ್ತು ನಿಮಿಷ ಜೋರಾಗಿರುತ್ತದೆ. ಅಷ್ಟು ಹೊತ್ತು ಕೈಗೆ, ಬಾಯಿಗೆ, ಕಾಲಿಗೆ ಬೇರೆ ಕೆಲಸ ಕೊಟ್ಟರೆ ಇಳಿಯುತ್ತದೆ. ಮತ್ತೆ ಬರುತ್ತದೆ ನಿಜ, ಆದರೆ ವಾರ ಕಳೆದಂತೆ ಅಪರೂಪವಾಗುತ್ತ ಹೋಗುತ್ತದೆ.

ಚಹದ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ತಂಬಾಕಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತನ್ನು ಚುರುಕುಗೊಳಿಸಿ, ಚಹ ಕಾಫಿಯ ಕೆಫೀನನ್ನು ಬೇಗ ಕರಗಿಸುವಂತೆ ಮಾಡುತ್ತವೆ. ಸೇದುವುದು ನಿಂತರೆ ಕೆಲವೇ ದಿನಗಳಲ್ಲಿ ಆ ಚುರುಕು ಹೋಗುತ್ತದೆ. ಮೊದಲಿನಷ್ಟೇ ಚಹ ಕುಡಿದರೂ ಕೆಫೀನು ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಎದೆ ಡವಡವ, ಕೈ ನಡುಕ, ರಾತ್ರಿ ಕಣ್ಣು ಮುಚ್ಚದ ಸ್ಥಿತಿ. ಬೀಡಿ ಬಿಟ್ಟದ್ದಕ್ಕೇ ಹೀಗೆಂದು ತಿಳಿದು ಮತ್ತೆ ಹಚ್ಚುವವರಿದ್ದಾರೆ. ಬೀಡಿಯ ಬದಲಿಗೆಂದು ದೊಡ್ಡಪ್ಪನೂ ದಿನಕ್ಕೆ ಏಳೆಂಟು ಲೋಟ ಚಹಕ್ಕೆ ಏರಿದ್ದರು. ದೊಡ್ಡಮ್ಮ ಅದನ್ನು ಎರಡಕ್ಕಿಳಿಸಿ ಉಳಿದ ಹೊತ್ತಿಗೆ ಮುರುಗಲು ಹಣ್ಣಿನ ಪಾನಕ, ಗಂಜಿ ತಿಳಿ, ಹುರಿದ ಶೇಂಗಾ ಕೊಟ್ಟರು. ನಿದ್ದೆ ಮೊದಲು ಸುಧಾರಿಸಿತು. ನಿದ್ದೆ ಸುಧಾರಿಸಿದ ಮನೆಯಲ್ಲಿ ಜಗಳ ಅರ್ಧ ಕಡಿಮೆಯಾಗುತ್ತದೆ.

ಎಲೆಯಡಿಕೆಯ ಕವಳದ ಬಗ್ಗೆ ಮಾತ್ರ ನಾನು ಗಟ್ಟಿಯಾಗಿ ಜಗಳವಾಡಿದೆ. ಬೀಡಿ ಬಿಟ್ಟವನು ಕವಳಕ್ಕೆ ಒಂದು ಚೂರು ಹೊಗೆಸೊಪ್ಪು ಸೇರಿಸಿಕೊಂಡರೇನು ತಪ್ಪೆಂದು ಊರಿನ ಹಿರಿಯರೇ ಹೇಳಿಕೊಡುತ್ತಾರೆ. ಅದೂ ಅದೇ ನಿಕೋಟಿನ್, ಜಾಗ ಬದಲಾಗುತ್ತದೆ, ಬಾಯಿಯ ಕ್ಯಾನ್ಸರಿಗೆ ದಾರಿಯಾಗುತ್ತದೆ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರುಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಕೂತು ಇದನ್ನು ಹೇಳುವುದು ಸುಲಭವಲ್ಲ. ಆದರೂ ಹೇಳಲೇಬೇಕು.

ಬರೀ ಮನೋಬಲ ಸಾಲದವರಿಗೆ ಔಷಧ ಇದೆ. ಮೆಡಿಕಲ್ ಅಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಚೂಯಿಂಗ್ ಗಮ್ ಸಿಗುತ್ತದೆ. ಅದನ್ನು ಮಕ್ಕಳ ಚೂಯಿಂಗ್ ಗಮ್ಮಿನಂತೆ ಜಗಿಯುತ್ತಲೇ ಇದ್ದರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ನಿಧಾನ ಜಗಿದು, ನಾಲಿಗೆ ಚುರುಗುಟ್ಟಿದ ಕೂಡಲೇ ಕೆನ್ನೆಯ ಸಂದಿಗೆ ತಳ್ಳಿ ಬಿಡಬೇಕು. ಚುರುಕು ಹೋದಮೇಲೆ ಮತ್ತೆ ನಾಲ್ಕು ಸಲ ಜಗಿಯಬೇಕು. ಒಂದು ಗಮ್ ಅರ್ಧ ಗಂಟೆ ಬರುತ್ತದೆ. ಅದಕ್ಕೆ ಕಾಲು ಗಂಟೆ ಮೊದಲಿನಿಂದ ಚಹ, ಹುಳಿ ಪಾನಕ ಕುಡಿಯಬಾರದು, ಕುಡಿದರೆ ಔಷಧ ಬಾಯಿಯಲ್ಲಿ ಸರಿಯಾಗಿ ಹೀರಲ್ಪಡುವುದಿಲ್ಲ. ಹೃದಯದ ತೊಂದರೆ ಇದ್ದವರು ಮೊದಲು ವೈದ್ಯರನ್ನು ಕೇಳಬೇಕು. ದೊಡ್ಡಪ್ಪ 1800-11-2356ಕ್ಕೂ ಫೋನು ಮಾಡಿದರು. ಅದು 2016ರಲ್ಲಿ ಶುರುವಾದ ರಾಷ್ಟ್ರೀಯ ಸಹಾಯವಾಣಿ, ಕರೆಗೆ ದುಡ್ಡಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ. ಬೀಡಿಕಟ್ಟಿನ ಮೇಲೆಯೇ ಆ ನಂಬರು ಅಚ್ಚಾಗಿರುತ್ತದೆ. ಅಷ್ಟು ವರ್ಷ ಕೈಯಲ್ಲಿ ಹಿಡಿದ ಕಟ್ಟಿನ ಮೇಲೆ ಏನು ಬರೆದಿದೆ ಎಂದು ಅವರು ಓದಿರಲಿಲ್ಲ.

ಮೂರನೆಯ ವಾರದಲ್ಲಿ ಸಿಟ್ಟು ಇಳಿದು ಮಂಕು ಬಂತು. ಮಾತಿಲ್ಲ, ಕಡಲು ನೋಡುತ್ತ ಕೂರುವುದು. ಜೊತೆಯೊಂದು ಹೋದ ದುಃಖ ಅದು, ನನಗೆ ಅದರ ರುಚಿ ಗೊತ್ತು. ಬೀಡಿ ಅವರ ಜೊತೆ ಇರುಳಿಡೀ ಎಚ್ಚರವಿದ್ದ ಸಂಗಾತಿ. ಅಂಥ ಮಂಕು ನಾಲ್ಕಾರು ವಾರ ದಾಟಿಯೂ ಹೋಗದಿದ್ದರೆ, ಬದುಕು ಬೇಡವೆನಿಸಿದರೆ, ಕಾಯದೆ ವೈದ್ಯರಲ್ಲಿ ಹೋಗಬೇಕು. ಹೆಚ್ಚಿನವರಿಗೆ ಅದು ಹೋಗುತ್ತದೆ, ಹೋದಮೇಲೆ ಮನಸ್ಸು ಮೊದಲಿಗಿಂತ ಹಗುರಾಗುತ್ತದೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 26 ಅಧ್ಯಯನಗಳನ್ನು ಒಟ್ಟಿಗೆ ತೂಗಿದ ಒಂದು ಲೇಖನ ಪ್ರಕಟಿಸಿತು. ಸೇದುತ್ತಲೇ ಉಳಿದವರಿಗಿಂತ ಬಿಟ್ಟವರಲ್ಲಿ ಆತಂಕ, ಖಿನ್ನತೆ ಕಡಿಮೆಯಾದದ್ದು ಅದರಲ್ಲಿ ಕಂಡುಬಂತು. ಬೀಡಿ ಇಲ್ಲದೆ ತಲೆ ಓಡುವುದಿಲ್ಲ, ಮನಸ್ಸು ನಿಲ್ಲುವುದಿಲ್ಲ ಎನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

61 ದಿನ ಮುಗಿಯುವಷ್ಟರಲ್ಲಿ ಮೈ ಬೀಡಿಯನ್ನು ಮರೆತಿತ್ತು. ಆದರೆ ಜಾಗ ಮರೆಯುವುದಿಲ್ಲ. ಆಗಸ್ಟ್ 1ಕ್ಕೆ ದೋಣಿ ಹೊರಟರೆ, ಬಲೆ ಬಿಟ್ಟು ಎಳೆಯುವ ಗಂಟೆಗಟ್ಟಲೆ ಹೊತ್ತು, ಇಂಜಿನ್ನಿನ ಒಂದೇ ಸದ್ದು, ಬೆಳಗಿನ ಜಾವದ ಥಂಡಿ, ಎಲ್ಲವೂ ಬೀಡಿಯನ್ನೇ ಕೇಳುತ್ತವೆ. ಮನೆಯಲ್ಲಿ ಎರಡು ತಿಂಗಳು ಗಟ್ಟಿಯಾಗಿದ್ದವರು ಮೊದಲ ಟ್ರಿಪ್ಪಿನಲ್ಲೇ ಸೋಲುವುದು ಇದರಿಂದ. ದೋಣಿಯ ಮೇಲೆ ಬೀಡಿ ಚಾಚುವುದು ಪ್ರೀತಿಯ ರೂಢಿ, ಬೇಡವೆಂದರೆ ಮುನಿಸು. ದೊಡ್ಡಪ್ಪ ಹೊರಡುವ ಹಿಂದಿನ ದಿನವೇ ದೋಣಿ ನಡೆಸುವ ತಾಂಡೇಲನ ಹತ್ತಿರ ಹೋಗಿ, “ನನ್ನ ಮುಂದೆ ಚಾಚಬೇಡಿ, ಸೇದೂರು ಹಿಂಬದಿಗೆ ಹೋಗಿ ಸೇದಿ” ಎಂದು ಹೇಳಿಬಂದರು. ಬೆಂಕಿಪೆಟ್ಟಿಗೆ ಇರುತ್ತಿದ್ದ ಲುಂಗಿಯ ಗಂಟಿನಲ್ಲಿ ಶೇಂಗಾ ಕಟ್ಟಿಕೊಂಡರು. ಮೊದಲ ರಾತ್ರಿ ಬಹಳ ಕಷ್ಟವಾಯಿತಂತೆ. ಎರಡನೆಯದು ಅಷ್ಟಿಲ್ಲ.

ಗಣೇಶ ಹಬ್ಬ ಕಳೆದಮೇಲೆ ಆ ತಾಂಡೇಲನೇ ಮನೆಗೆ ಬಂದ. ಅವನಿಗೂ ಬಿಡುವ ಮನಸ್ಸು, ಕೆಮ್ಮು ಕಾಡುತ್ತಿತ್ತು. ದೊಡ್ಡಪ್ಪನ ಹತ್ತಿರ ಗಮ್ಮಿನ ವಿಷಯ ಕೇಳಿಕೊಂಡ. ಹೋಗುವಾಗ ಅಂಗಳದಲ್ಲಿ ನಿಂತು, ನಮ್ಮ ಮನೆಯವಳಿಗೆ ನೀವೊಂದು ಮಾತು ಹೇಳಬೇಕು ಎಂದು ದೊಡ್ಡಮ್ಮನನ್ನು ಕೇಳಿದ. ಅವರು ಅದೇ ಸಂಜೆ ಹೋದರು, ನಾನೂ ಜೊತೆಗಿದ್ದೆ. ಆ ಹೆಂಗಸಿನ ಪಕ್ಕ ಕೂತು ದೊಡ್ಡಮ್ಮ ಹೇಳಿದ್ದಿಷ್ಟು: “ಮೊದ್ಲ ನಾಕ್ ದಿನ ಮಾತಿಗೆ ಮಾತು ಕೊಡೂಕೆ ಹೋಗ್ಬೇಡ. ಚಾ ಕಡಿಮೆ ಕೊಡು. ಎದ್ದು ಹೊರಗೆ ಹೋದ್ರೆ ಹೋಗಲಿ, ಕೇಳ್ಬೇಡ. ಮೂರು ವಾರ, ಹೆಚ್ಚಂದ್ರೆ ನಾಕು. ಬಾಯಿ ಜೋರು ಮಾಡಿದ್ರೆ ಅದು ಬೀಡಿ ಅಂದ್ಕೊ. ಕೈ ಎತ್ತಿದ್ರೆ ಮಾತ್ರ ಅದು ಬೀಡಿಯಲ್ಲ, ಆವಾಗ ಸುಮ್ನಿರಬೇಡ, ಸೀದಾ ನಮ್ಮನೆಗೆ ಬಾ.”