ಸೆರಗಿನ ಕೊಂಡಿ

ಇಳಕಲ್ಲಿನ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕುಳಿತ ಸೀರೆಯ ವ್ಯಾಪಾರಿಯು ಗಿರಾಕಿಯ ಮುಂದೆ ಮಡಿಕೆಯನ್ನು ಬಿಚ್ಚುವ ರೀತಿಯನ್ನು ನಾನು ಬಾಲ್ಯದಿಂದಲೂ ಕಂಡವನು. ಅವನು ಮೊದಲಿಗೇ ಬೆಲೆಯನ್ನು ಹೇಳುವುದಿಲ್ಲ; ಸೆರಗನ್ನು ಮೊಣಕಾಲಿನ ಮೇಲೆ ಹರಹಿಕೊಂಡು, ಕೆಂಪು ರೇಷ್ಮೆಯ ನಡುವೆ ಬಿಳಿಯ ಗೋಪುರಗಳಂತೆ ಎದ್ದಿರುವ ತೋಪುತೆನೆಯ ಮೇಲೆ ಬೆರಳಾಡಿಸಿ, ದಡಿ ಗೋಮಿಯೋ ಗಾಡಿಯೋ ಚಿಕ್ಕಪರಾಸೋ ಎಂಬುದನ್ನು ತಿಳಿಸಿ, ಒಡಲಿನ ನೂಲಿನ ವಿಚಾರ, ಒಗೆಯುವ ವಿಚಾರ, ಬಣ್ಣದ ವಿಚಾರಗಳನ್ನೆಲ್ಲ ಸಾವಕಾಶವಾಗಿ ಮಾತನಾಡಿ ಮುಗಿಸುವ ಹೊತ್ತಿಗೆ, ಕೊಳ್ಳಲು ಬಂದ ಹೆಂಗಸಿನ ಮನಸ್ಸಿನಲ್ಲಿ ಆ ಸೀರೆಯು ಆಗಲೇ ಅರ್ಧ ಆಕೆಯದಾಗಿರುತ್ತದೆ.

ನನ್ನ ತಂಗಿಯ ಮಗಳು ಕೆಲವು ವರ್ಷಗಳ ಹಿಂದೆ ಅಂತರ್ಜಾಲದಲ್ಲಿ ಸೀರೆಯ ಅಂಗಡಿಯನ್ನು ತೆರೆದಾಗ ಈ ಮಾತೊಂದೇ ಅಲ್ಲಿ ಇಲ್ಲದೆಹೋಯಿತು. ಚಿತ್ರಗಳು ಸುಂದರವಾಗಿದ್ದುವು, ಬೆಲೆ ನ್ಯಾಯವಾಗಿತ್ತು, ಜಾಹೀರಾತಿಗೂ ಸಾಕಷ್ಟು ಹಣ ವೆಚ್ಚವಾಗಿತ್ತು. ಆದರೂ ಒಂದು ದಿನ ಆಕೆ ಮರಳಿ ಬಂದ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, “ಮಾಮಾ, ಸೆರಗ ಬ್ಯಾರೆ ಬಟ್ಟಿದು, ಜೋಡಿಸಿ ಹಚ್ಚ್ಯಾರ ಅಂತ ತಿಳದು ಸೀರಿ ತಿರುಗಿ ಕಳಿಸ್ಯಾರ” ಎಂದು ಕಣ್ಣು ತುಂಬಿಕೊಂಡಳು. ಯಾವುದು ಇಳಕಲ್ಲಿನ ಮಗ್ಗದ ಹೆಮ್ಮೆಯೋ ಅದೇ ದೂರದ ಕೊಳ್ಳುವವರ ಕಣ್ಣಿಗೆ ದೋಷವಾಗಿ ಕಂಡಿತ್ತು.

ಆ ರಾತ್ರಿ ಆಕೆ ಕೊಂಡಿಯ ವಿಷಯವನ್ನು ಬರೆಯಲು ಕುಳಿತಳು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಇವೆರಡರ ತುದಿಯ ಕುಣಿಕೆಗಳನ್ನು ಒಂದರೊಳಗೊಂದು ಸಿಕ್ಕಿಸಿ, ಎಳೆಗಳನ್ನು ಹೀಗೆ ಒಂದೊಂದಾಗಿ ಕೈಯಿಂದಲೇ ಕೂಡಿಸಿ, ಆಮೇಲೆ ಹೊಕ್ಕನ್ನು ನೇಯುತ್ತ ಹೋದರೆ, ನೂಲು ಮುಗಿದು ರೇಷ್ಮೆ ಆರಂಭವಾಗುವ ಆ ಸಂಧಿಯಲ್ಲಿ ಸೂಜಿಯ ಸೋಂಕೂ ಇರುವುದಿಲ್ಲ. ಇಷ್ಟನ್ನೂ ಆಕೆ ಅಜ್ಜಿಯ ಬಾಯಿಂದ ಕೇಳಿದ್ದ ಮಾತಿನಲ್ಲೇ ಬರೆದು, ಸೀರೆಯ ಹಿಂಬದಿಯ ಚಿತ್ರವನ್ನೂ ಜೊತೆಗಿರಿಸಿದಳು. ಯಂತ್ರಮಗ್ಗದ ಅನುಕರಣದ ಸೀರೆಗಳಲ್ಲಿ ಈ ಕೊಂಡಿಯನ್ನು ಹುಡುಕಿ ನೋಡಿರೆಂದೂ, ಗಾಢವಾದ ಬಣ್ಣದ ಸೀರೆ ಮೊದಲ ಒಗೆತದಲ್ಲಿ ಬಣ್ಣ ಬಿಡಬಹುದೆಂದೂ ಮುಚ್ಚುಮರೆಯಿಲ್ಲದೆ ಹೇಳಿದಳು. ತನ್ನ ಸರಕಿನ ಕುಂದನ್ನೂ ತಾನೇ ಹೇಳಿಬಿಡುವ ವ್ಯಾಪಾರಿಯ ಮಾತಿಗೆ ಬರುವ ತೂಕ, ಎಷ್ಟು ಹಣ ಸುರಿದು ಮಾಡಿಸಿದ ಪ್ರಚಾರಕ್ಕೂ ಬಾರದೆಂಬುದು ನನ್ನ ದೃಢವಾದ ನಂಬಿಕೆ.

ಜಾಹೀರಾತು ಬಾಡಿಗೆಯ ದೀಪದಂತೆ. ಹಣ ನಿಂತ ದಿನವೇ ಅದು ಆರಿಹೋಗುತ್ತದೆ. ಬರೆದಿಟ್ಟ ಮಾತಾದರೋ ಅಲ್ಲಿಯೇ ಉಳಿಯುತ್ತದೆ. ಗೂಗಲ್ಲಿನಂತಹ ಶೋಧಯಂತ್ರಗಳು ಮುಖ್ಯವಾಗಿ ಅಕ್ಷರಗಳನ್ನು ಹಿಡಿದೇ ಹುಡುಕುವುದರಿಂದ, ಎಲ್ಲಿಯೋ ಒಬ್ಬಾಕೆ “ಇಳಕಲ್ಲ ಸೀರೆಯ ಸೆರಗಿಗೆ ಜೋಡಣೆ ಏಕಿದೆ” ಎಂದು ನಡುರಾತ್ರಿ ಕೇಳಿದರೂ, ವರ್ಷಗಳ ಹಿಂದೆ ಬರೆದ ಆ ಉತ್ತರ ಆಕೆಯ ಮುಂದೆ ಬಂದು ನಿಲ್ಲಬಲ್ಲದು. ಪ್ರಶ್ನೆ ಹೊತ್ತು ಬಂದವಳು ಗಿರಾಕಿಯಾಗಿ ಮರಳುವುದು ಎಷ್ಟೋ ಸಲ ತಿಂಗಳುಗಳು ಕಳೆದ ಮೇಲೆ. ಬರೆಯುವವರಿಗೆ ಅಷ್ಟು ತಾಳ್ಮೆ ಇರಬೇಕು.

ಹೀಗೆ ತಿಳಿವಳಿಕೆಯನ್ನು ಹಂಚಿ ಗಿರಾಕಿಯನ್ನು ಗಳಿಸುವುದೇನೂ ಹೊಸ ವಿದ್ಯೆಯಲ್ಲ. ಅಮೆರಿಕದ ನೇಗಿಲಿನ ಕಂಪೆನಿಯಾದ ಜಾನ್ ಡೀರ್ 1895ರಲ್ಲಿಯೇ ‘ದಿ ಫರೋ’ ಎಂಬ ಪತ್ರಿಕೆಯನ್ನು ಹೊರಡಿಸಿ, ರೈತರಿಗೆ ಬೇಸಾಯದ ತಿಳಿವಳಿಕೆಯನ್ನು ಹಂಚತೊಡಗಿತು. ಅದು ಇಂದಿಗೂ ನಡೆದುಬಂದಿದೆ. ಆದರೆ ನನ್ನ ಮನಸ್ಸು ಹೋಗುವುದು ನಮ್ಮ ಕಾದಂಬರಿಕಾರ ಗಳಗನಾಥರ ಕಡೆಗೆ. ಅಗಡಿಯ ‘ಸದ್ಬೋಧ ಚಂದ್ರಿಕೆ’ ಪತ್ರಿಕೆಯನ್ನು ನಡೆಸಿ ಓದುಗರನ್ನು ಬೆಳೆಸಿದ ಆ ಮಹನೀಯರು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಆ ಬಿಸಿಲಿನಲ್ಲಿ, ಆ ಹೊರೆಯ ಕೆಳಗೆ, ಮನೆಯ ಬಾಗಿಲಲ್ಲಿ ನಿಂತು ಅವರು ಆಡಿರಬಹುದಾದ ಮಾತನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅವರಿಗೆ ಇಂದಿನ ಈ ಸಾಧನ ದೊರೆತಿದ್ದರೆ!

ಬರವಣಿಗೆಯಿಂದ ನನ್ನ ತಂಗಿಯ ಮಗಳಿಗಾದ ಇನ್ನೊಂದು ಲಾಭವನ್ನು ನಾನು ಹಣಕ್ಕಿಂತ ಹೆಚ್ಚಿನದೆಂದು ಎಣಿಸುತ್ತೇನೆ. ಬರೆಯಬೇಕಾದುದರಿಂದ ಆಕೆ ಕೇಳಬೇಕಾಯಿತು. ಮಗ್ಗದ ಮನೆಗಳಿಗೆ ಹೋಗಿ, ಕೊಂಡಿ ಕೂಡಿಸುವ ಹೆಂಗಸರ ಪಕ್ಕದಲ್ಲಿ ಕುಳಿತು, ತಾನು ಮಾರುವ ವಸ್ತುವನ್ನು ಮೊದಲ ಸಲ ನಿಜವಾಗಿ ಅರಿತಳು.

ಕಳೆದ ಶ್ರಾವಣದಲ್ಲಿ ಸೊಲ್ಲಾಪುರದಿಂದ ಒಂದು ಪತ್ರ ಬಂದಿತು. ಅಲ್ಲಿನ ಮರಾಠಿ ಮನೆಗಳಲ್ಲಿ ಈ ಸೀರೆಗೆ ‘ಇರಕಲ್’ ಎನ್ನುತ್ತಾರೆ. ಬರೆದ ಹಿರಿಯಾಕೆಯ ಬಳಿ ತಾಯಿಯ ಒಂಬತ್ತು ಗಜದ ಸೀರೆಯೊಂದಿತ್ತಂತೆ. ಒಡಲು ಜೀರ್ಣವಾಗಿ ಸೆರಗು ಮಾತ್ರ ಉಳಿದಿದೆ, ಅಂತಹುದೇ ದಡಿ ಈಗಲೂ ಸಿಕ್ಕೀತೇ ಎಂಬುದು ಪ್ರಶ್ನೆ. ನಾನು ಹೋದಾಗ ಹುಡುಗಿ ಕಿಟಕಿಯ ಬೆಳಕಿಗೆ ಸೀರೆಯೊಂದನ್ನು ಹಿಡಿದು, ಆ ಹಿರಿಯಾಕೆ ಕಳಿಸಿದ್ದ ಚಿತ್ರದ ದಡಿಯೊಡನೆ ಎಳೆ ಎಳೆಯಾಗಿ ಹೋಲಿಸುತ್ತಿದ್ದಳು. “ಕುಂಡ್ರು ಮಾಮಾ, ಇವರಿಗೆ ಮೊದಲ ಬರದು ಮುಗಸ್ತೀನಿ” ಎಂದಳು.