ಹವ್ಯಾಸಿ ಛಾಯಾಗ್ರಾಹಕನೂ ಅನರ್ಥದಂಡವ್ರತವೂ

ವನ್ಯಜೀವಿಯ ಸೊಗಸಾದ ಚಿತ್ರವೊಂದು ಪತ್ರಿಕೆಯಲ್ಲಿ ಅಚ್ಚಾದಾಗ ಅದರ ಕೆಳಗೆ ಸಾಮಾನ್ಯವಾಗಿ ಒಂದು ಮಾತು ಇರುತ್ತದೆ: ಇಂಥವರು ಈ ದೃಶ್ಯವನ್ನು ತಮ್ಮ ಕ್ಯಾಮೆರಾದಲ್ಲಿ ಸೆರೆಹಿಡಿದಿದ್ದಾರೆ. ಇಂಗ್ಲಿಷ್ ಬಲ್ಲವರು ‘ಶೂಟ್ ಮಾಡಿದೆ’ ಎನ್ನುತ್ತಾರೆ. ಒಂದು ಸೆರೆಮನೆಯ ಮಾತು, ಇನ್ನೊಂದು ಕೋವಿಯ ಮಾತು. ಶ್ರಾವಕನ ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದಲ್ಲಿ ಹೇಳಿರುವ ಐದು ಅತಿಚಾರಗಳಲ್ಲಿ ಮೊದಲನೆಯದೇ ಬಂಧ, ಎಂದರೆ ಪ್ರಾಣಿಯನ್ನು ಕಟ್ಟಿಹಾಕುವುದು. ರೂಢಿಯಿಂದ ಬಂದ ಮಾತನ್ನಾಡಿದ ಮಾತ್ರಕ್ಕೆ ದೋಷ ತಟ್ಟುವುದಿಲ್ಲ, ನಿಜ. ಆದರೆ ‘ಕೋವಿ ಹಿಡಿದರೆ ಹಿಂಸೆ, ಕ್ಯಾಮೆರಾ ಹಿಡಿದರೆ ಅಹಿಂಸೆ’ ಎಂಬ ಸುಲಭದ ತೀರ್ಮಾನವನ್ನು ನಮ್ಮ ಯುವಕರ ಬಾಯಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಮೂವತ್ತು ವರ್ಷಗಳಿಂದ ಕೊಡಗಿನ ತೋಟ, ಹೊಳೆ, ಕಾಡಂಚುಗಳಲ್ಲಿ ಹಕ್ಕಿಗಳ ಚಿತ್ರ ತೆಗೆಯುತ್ತಿರುವ ಹವ್ಯಾಸಿಯಾಗಿ ನನಗೆ ತೋಚಿದ ನಾಲ್ಕು ವಿಚಾರಗಳನ್ನು ಧರ್ಮಬಂಧುಗಳ ಮುಂದಿಡಬಯಸುತ್ತೇನೆ.

ಕೊಡಗಿನಲ್ಲಿ ಬೇಟೆ ಒಂದು ಕಾಲಕ್ಕೆ ಗೌರವದ ಕಾರ್ಯವಾಗಿತ್ತು. ಹುಲಿಯನ್ನು ಕೊಂದ ವೀರನಿಗೆ ‘ನರಿ ಮಂಗಲ’ವೆಂಬ, ಮದುವೆಯನ್ನೇ ಹೋಲುವ ಸಂಸ್ಕಾರ ನಡೆಯುತ್ತಿತ್ತು, ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಇಂದಿಗೂ ಪೂಜೆ ಸಲ್ಲುತ್ತದೆ. ಇದೇ ನೆಲದಲ್ಲಿ, ಶನಿವಾರಸಂತೆಯ ಸಮೀಪದ ಮುಳ್ಳೂರಿನಲ್ಲಿ, ಕೊಂಗಾಳ್ವರ ಕಾಲದ ಬಸದಿಗಳು ಹನ್ನೊಂದನೆಯ ಶತಮಾನದಿಂದ ನಿಂತಿವೆ. ಅಲ್ಲಿ ಪೂಜೆಗೊಂಡ ಶಾಂತಿನಾಥ ಸ್ವಾಮಿಯ ಲಾಂಛನ ಜಿಂಕೆ ಎಂಬುದನ್ನು ನೆನೆದರೆ, ಬೇಟೆಯೂ ಅಹಿಂಸೆಯೂ ಈ ನಾಡಿನಲ್ಲಿ ಬಹುಕಾಲ ನೆರೆಹೊರೆಯಾಗಿ ಬಾಳಿದವೆಂದು ತಿಳಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಅಪರಾಧವಾಯಿತು. ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿದ್ದು, 2024ರಲ್ಲಿ ತೀರಿಕೊಂಡ ಕೆ.ಎಂ. ಚಿಣ್ಣಪ್ಪನವರಂಥ ಕಾಡಿನ ಕಾವಲುಗಾರರು ಇದೇ ಕೊಡಗಿನ ಮಕ್ಕಳು. ಕೋವಿ ಗೋಡೆಗೆ ಸೇರಿದ ಅನೇಕ ಮನೆಗಳಲ್ಲಿ ಈಗ ಉದ್ದ ಲೆನ್ಸಿನ ಕ್ಯಾಮೆರಾ ಬಂದಿದೆ. ಇದು ಸಂತೋಷಪಡಬೇಕಾದ ಬದಲಾವಣೆಯೇ ಸರಿ.

ಆದರೆ ಆ ಕಾಯ್ದೆಯ ಎರಡನೆಯ ಸೆಕ್ಷನ್‌ನಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ಓದಿದವರು ಕಡಿಮೆ. ಕೊಲ್ಲುವುದು ಮಾತ್ರ ಬೇಟೆಯಲ್ಲ. ಪ್ರಾಣಿಯನ್ನು ಅಟ್ಟುವುದು, ಆಮಿಷವೊಡ್ಡಿ ಬರಮಾಡಿಕೊಳ್ಳುವುದು, ಹಕ್ಕಿಯ ಮೊಟ್ಟೆಗೆ ಅಥವಾ ಗೂಡಿಗೆ ತೊಂದರೆ ಕೊಡುವುದು, ಇವೆಲ್ಲವೂ ಬೇಟೆಯೆಂದೇ ಅಲ್ಲಿ ಎಣಿಸಲ್ಪಟ್ಟಿವೆ. ಲೌಕಿಕ ಕಾನೂನು ಇಷ್ಟು ಸೂಕ್ಷ್ಮವಾಗಿರುವಾಗ, ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಪ್ರಾಣಕ್ಕಾಗುವ ಬಾಧೆಯೇ ಹಿಂಸೆಯೆಂದು ಕಲಿತ ನಾವು ಅದಕ್ಕಿಂತ ಸ್ಥೂಲವಾದ ಅಳತೆಗೋಲನ್ನು ಹಿಡಿಯಬಾರದು.

ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮೊದಲಾದ ಹಿರಿಯರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ಹೆಸರು ತಂದ ಕಾಲದಲ್ಲಿ ಲೆನ್ಸುಗಳ ವ್ಯಾಪ್ತಿ ಕಿರಿದಾಗಿತ್ತು, ಫಿಲ್ಮಿನ ವೇಗ ಕಡಿಮೆಯಿತ್ತು. ಹಕ್ಕಿ ಒಂದೇ ಜಾಗಕ್ಕೆ ಖಂಡಿತವಾಗಿ ಮರಳಿ ಬರುವುದು ಗೂಡಿಗೆ ಮಾತ್ರ. ಆದ್ದರಿಂದ ಗೂಡಿನ ಬಳಿ ಮರೆ ಕಟ್ಟಿ, ಅದನ್ನು ದಿನಕ್ಕಿಷ್ಟು ಹತ್ತಿರ ಸರಿಸುತ್ತ, ಗಂಟೆಗಟ್ಟಲೆ ಅಲುಗಾಡದೆ ಕುಳಿತು ಒಂದು ಚಿತ್ರ ಪಡೆಯುವುದು ಆಗ ಜಗತ್ತಿನಾದ್ಯಂತ ನಡೆದುಬಂದ ಪದ್ಧತಿ. ಇಂದಿನ ಲೆನ್ಸು ಅರವತ್ತು ಅಡಿ ದೂರದಿಂದ ರೆಕ್ಕೆಯ ಎಳೆಗಳನ್ನು ಎಣಿಸಿ ತೋರಿಸುತ್ತದೆ. ಗೂಡಿಗೆ ಹೋಗಬೇಕೆನ್ನುವ ತಾಂತ್ರಿಕ ಕಾರಣವೇ ಈಗ ಉಳಿದಿಲ್ಲ. ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿವೆ.

ಇಲ್ಲಿ ಫಿಲ್ಮಿನ ಬಗೆಗೂ ಒಂದು ಮಾತು. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲವಣಗಳನ್ನು ಫಿಲ್ಮಿನ ಮೇಲೆ ಹಿಡಿದಿಡುವ ಅಂಟು ಜಿಲಾಟಿನ್. ಅದನ್ನು ದನಗಳ ಮೂಳೆ, ಚರ್ಮಗಳಿಂದ ತೆಗೆಯುತ್ತಾರೆ. 1871ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಡಾಕ್ಸ್ ಈ ವಿಧಾನವನ್ನು ಪ್ರಕಟಿಸಿದಂದಿನಿಂದ ಫಿಲ್ಮಿನ ಯುಗ ಮುಗಿಯುವವರೆಗೂ ಬೇರೊಂದು ಅಂಟು ಅದರ ಸ್ಥಾನವನ್ನು ತುಂಬಲಿಲ್ಲ. ಊಟಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ‘ಇಂದು’ ಫಿಲ್ಮು ಇರಲಿ, ಹೊರದೇಶದ್ದು ಇರಲಿ, ಎಲ್ಲವೂ ಒಂದೇ. 1993ರ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಚಿತ್ರಗಳೂ ಆ ಅಂಟಿನ ಮೇಲೆಯೇ ಮೂಡಿದವು. ಡಿಜಿಟಲ್ ಕ್ಯಾಮೆರಾ ಬಂದದ್ದರಿಂದ ಈ ಒಂದು ಬಾಧೆ ನಮಗೆ ತಾನಾಗಿ ತಪ್ಪಿತು, ಪೂರ್ತಿಯಾಗಿ ಅಲ್ಲ. ಲ್ಯಾಬಿನಲ್ಲಿ ಸಂಸ್ಕರಿಸಿ ಕೊಡುವ ಸಾಂಪ್ರದಾಯಿಕ ಫೋಟೋ ಕಾಗದದಲ್ಲಿ ಜಿಲಾಟಿನ್ ಇಂದಿಗೂ ಇದೆ. ಪಂಚಕಲ್ಯಾಣದ ಆಲ್ಬಂ ಮಾಡಿಸುವ ಟ್ರಸ್ಟುಗಳು ಇದನ್ನು ಗಮನಿಸಬಹುದು.

ಈಗ ಮುಖ್ಯ ವಿಷಯ. ಗೃಹಸ್ಥನ ಹಿಂಸೆಯನ್ನು ನಮ್ಮವರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತಾರೆ. ಮೊದಲನೆಯದು ಸರ್ವಥಾ ತ್ಯಾಜ್ಯ. ಉಳಿದ ಮೂರು ಅಡಿಗೆಮನೆ, ಜೀವನೋಪಾಯ, ಆತ್ಮರಕ್ಷಣೆಗಳಿಗೆ ಸೇರಿದವು. ಶ್ರಾವಕನಿಗೆ ಅವುಗಳಲ್ಲಿ ಅನಿವಾರ್ಯತೆಯ ಮಿತಿಯೊಳಗೆ ವಿನಾಯಿತಿಯುಂಟು. ವೃತ್ತಿಯಿಂದ ಛಾಯಾಗ್ರಾಹಕನಾದವನು ತನ್ನಿಂದ ನಡೆಯುವ ಅಲ್ಪಬಾಧೆಯನ್ನು ಉದ್ಯೋಗೀ ಹಿಂಸೆಯೆಂದು ಹೇಳಿಕೊಳ್ಳಬಹುದೇನೋ. ಹವ್ಯಾಸಿಗೆ ಆ ಆಶ್ರಯವೂ ಇಲ್ಲ. ಅವನ ಹೊಟ್ಟೆ ಇದರಿಂದ ತುಂಬುವುದಿಲ್ಲ, ಮನೆ ಇದರಿಂದ ನಡೆಯುವುದಿಲ್ಲ. ಅವನಿಂದ ಒಂದು ಜೀವಿಗೆ ಆಗುವ ತೊಂದರೆ ನೇರವಾಗಿ ಅನರ್ಥದಂಡದ ಲೆಕ್ಕಕ್ಕೆ ಬರುತ್ತದೆ. ಪ್ರಯೋಜನವಿಲ್ಲದೆ ಕೊಡುವ ದಂಡನೆ. ಹವ್ಯಾಸವೆಂದರೆ ನಿರಪಾಯವಾದದ್ದು, ವೃತ್ತಿಯವರಿಗಿರುವ ಕಟ್ಟುಪಾಡು ನಮಗೇಕೆ ಎಂದು ಕೇಳುವವರಿದ್ದಾರೆ. ನನ್ನ ತಿಳಿವಿನಂತೆ ಮಾತು ತಿರುವುಮುರುವಾಗಿದೆ. ಹವ್ಯಾಸಿಯ ಕಟ್ಟುಪಾಡೇ ಹೆಚ್ಚು ಬಿಗಿಯಾಗಿರಬೇಕು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಒಂದು. ನಿಷ್ಪ್ರಯೋಜಕವಾಗಿ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು, ತಿರುಗಾಡುವುದು, ಇತರರನ್ನು ತಿರುಗಾಡಿಸುವುದು ಇವೆಲ್ಲ ಅದರಲ್ಲಿ ಸೇರಿವೆ. ಜೀಪಿನಲ್ಲಿ ಹುಲಿಗಾಗಿ ಅಲೆದವರಿಗೆ ಕೊನೆಯ ಎರಡು ಮಾತುಗಳ ವಿವರಣೆ ಬೇಕಾಗಲಾರದು. ಚಿತ್ರಕ್ಕೆ ಅಡ್ಡವಾದ ರೆಂಬೆಯನ್ನು ಸವರುವುದು ಛಾಯಾಗ್ರಾಹಕರಲ್ಲಿ ತೀರ ಸಾಮಾನ್ಯ. ಗೂಡಿನ ಮುಂದಿನ ಆ ರೆಂಬೆ ಮರಿಗಳಿಗೆ ನೆರಳು. ಕಾಗೆ, ಕೆಂಬೂತ, ಮಟಪಕ್ಷಿಗಳ ಕಣ್ಣಿಗೆ ತೆರೆ. ಚಿತ್ರ ಒಂದು ಕ್ಷಣದ್ದು, ಕತ್ತರಿಸಿದ ತೆರೆ ಮರಳಿ ಬಾರದು.

ಮಳೆಗಾಲದಲ್ಲಿ ಇದರ ಇನ್ನೊಂದು ರೂಪವನ್ನು ಕಾಣುತ್ತೇವೆ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದು ನೆಲದ ಮೇಲೆ ಜೀವರಾಶಿ ತುಂಬಿರುವ ಕಾರಣದಿಂದ. ಕಪ್ಪೆಗಳ ಚಿತ್ರ ಬೇಕಾದವರು ಗಾಳಿಬೀಡು, ಪುಷ್ಪಗಿರಿಯ ಕಡೆಗೆ ಟಾರ್ಚು ಹಿಡಿದು ಹೊರಡುವುದು ಅದೇ ಕಾರಣದಿಂದ! ಪಶ್ಚಿಮಘಟ್ಟದ ಹಾರುವ ಕಪ್ಪೆ ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ಮೊಟ್ಟೆಯೊಡೆದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಆ ಕೊಂಬೆಯನ್ನು ಬೆಳಕಿನತ್ತ ಬಗ್ಗಿಸಿ ಕಟ್ಟಿದರೆ ಅವು ಬೀಳುವುದು ಒಣನೆಲಕ್ಕೆ. ಇನ್ನು ಇಂಬಳಗಳ ಸಂಗತಿ. ಕೊಡಗಿನ ಮಳೆಗಾಡಿನಲ್ಲಿ ಕಾಲಿಟ್ಟವರಿಗೆಲ್ಲ ಇಂಬಳ ಹತ್ತುತ್ತದೆ, ಎಲ್ಲರೂ ಉಪ್ಪಿನ ಇಲ್ಲವೇ ಸುಣ್ಣದ ಗಂಟು ಒಯ್ಯುತ್ತಾರೆ. ನಾನು ಮೊಣಕಾಲುದ್ದದ ದಪ್ಪ ಬಟ್ಟೆಯ ಕಾಲುಚೀಲ ತೊಡುತ್ತೇನೆ. ಅದನ್ನೂ ದಾಟಿ ಬಂದದ್ದನ್ನು ಉಗುರಿನಿಂದ ಬಿಡಿಸಿ ಎಲೆಯ ಮೇಲಿಡುತ್ತೇನೆ. ಜೊತೆಯವರು ನಗುತ್ತಾರೆ. ನಗಲಿ.

ಬ್ರಹ್ಮಗಿರಿಯ ತಪ್ಪಲಿನ ಕಾಫಿ ತೋಟವೊಂದರ ಅಂಚಿನಲ್ಲಿ ಒಂದು ಹಳೆಯ ಮರವಿದೆ. ಅದರ ಪೊಟರೆಯಲ್ಲಿ ದೊಡ್ಡ ಮಂಗಟ್ಟೆ ಹಕ್ಕಿಗಳು ಗೂಡು ಮಾಡುತ್ತವೆ. ಈ ಹಕ್ಕಿಯ ಸಂಸಾರ ವಿಚಿತ್ರವಾದದ್ದು. ಹೆಣ್ಣು ಪೊಟರೆಯೊಳಗೆ ಸೇರಿ, ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಯನ್ನು ಮುಚ್ಚಿ, ಕೊಕ್ಕು ಹೊರಚಾಚುವಷ್ಟು ಸೀಳನ್ನು ಮಾತ್ರ ಬಿಡುತ್ತದೆ. ಒಳಗೆ ಅದರ ರೆಕ್ಕೆಯ ಗರಿಗಳು ಉದುರುತ್ತವೆ, ಹಾರಲಾಗದು. ಮೂರು ನಾಲ್ಕು ತಿಂಗಳು ತಾಯಿಗೂ, ಬಳಿಕ ಮರಿಗೂ ಗಂಡು ತಂದುಕೊಡುವ ಹಣ್ಣೇ ಆಹಾರ. ಒಂದು ಮಾರ್ಚ್ ತಿಂಗಳ ಬೆಳಿಗ್ಗೆ ನಾನು ರಸ್ತೆಯಲ್ಲಿ ನಿಂತು ನೋಡುತ್ತಿದ್ದಾಗ ಹೊರಗಿನಿಂದ ಬಂದ ಐದಾರು ಮಂದಿ ಮರದ ಬುಡದಲ್ಲಿ ಕ್ಯಾಮೆರಾ ಹೂಡಿಕೊಂಡು ಕುಳಿತಿದ್ದರು. ಗಂಡು ಹಕ್ಕಿ ಗಂಟಲ ತುಂಬ ಹಣ್ಣು ತುಂಬಿಕೊಂಡು ಬಂದು ಎದುರಿನ ಗೋಣಿಮರದಲ್ಲಿ ಕುಳಿತಿತು. ಕೆಳಗೆ ಮನುಷ್ಯರಿದ್ದಾರೆಂದು ಅದು ಗೂಡಿಗೆ ಬರಲೊಲ್ಲದು. ನಲವತ್ತು ನಿಮಿಷ ಕಾದು, ಒಂದು ಹಣ್ಣನ್ನೂ ಕೊಡದೆ ಹಾರಿಹೋಯಿತು. ಕುಳಿತವರು ಗಲಾಟೆ ಮಾಡಲಿಲ್ಲ, ಕಲ್ಲೆಸೆಯಲಿಲ್ಲ, ತಾವು ನಿಸರ್ಗಪ್ರಿಯರೆಂದೇ ನಂಬಿದ್ದರು. ಅಹಿಂಸಾಣುವ್ರತದ ಐದನೆಯ ಅತಿಚಾರ ಅನ್ನಪಾನನಿರೋಧ. ಅದನ್ನು ನಾವು ಎತ್ತಿಗೆ ಹುಲ್ಲು ಹಾಕದಿರುವುದು ಎಂದಷ್ಟೇ ಓದಿಕೊಂಡು ಬಂದಿದ್ದೇವೆ.

ಊರಿನ ಹೆಸರನ್ನು ಬರೆಯದಿರುವುದಕ್ಕೂ ಕಾರಣವುಂಟು. ಇಂಥ ಕಡೆ ಜಿಂಕೆಗಳಿವೆ, ಇಂಥ ಕಡೆ ಹಕ್ಕಿಗಳಿವೆ ಎಂದು ಬೇಟೆಗಾರರಿಗೆ ತಿಳಿಸುವುದನ್ನು ನಮ್ಮ ವ್ಯಾಖ್ಯಾನಕಾರರು ಪಾಪೋಪದೇಶದಲ್ಲಿ ಸೇರಿಸಿದ್ದಾರೆ. ಈಗ ಬಾಯಿ ತೆರೆಯದೆಯೇ ಈ ಉಪದೇಶ ನಡೆಯುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರದ ಕಡತದೊಳಗೆ ಸ್ಥಳದ ಅಕ್ಷಾಂಶ ರೇಖಾಂಶಗಳು ದಾಖಲಾಗಬಲ್ಲವು. ಕಡತವನ್ನು ಹಾಗೆಯೇ ಕಳುಹಿಸಿದರೆ ಗೂಡಿನ ವಿಳಾಸವೂ ಜೊತೆಗೆ ಹೋಗುತ್ತದೆ. ಆ ಸೌಲಭ್ಯವನ್ನು ಮೊಬೈಲಿನಲ್ಲಿ ನಿಲ್ಲಿಸಿಡಬಹುದು. ಮನೆಯ ಮಕ್ಕಳಿಗೆ ಇದು ಒಂದು ನಿಮಿಷದ ಕೆಲಸ.

ಚಿತ್ರಗಳಿಂದ ಉಪಕಾರವೇ ಆಗಿಲ್ಲವೆಂದು ನಾನು ಹೇಳುತ್ತಿಲ್ಲ. 1990ರ ದಶಕದ ಆರಂಭದಲ್ಲಿ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಯ ಹಾದಿಗಳ ಬದಿಗೆ ತಾವಾಗಿ ಕ್ಲಿಕ್ಕಿಸುವ ಕ್ಯಾಮೆರಾಗಳನ್ನಿಟ್ಟು, ಮೈಮೇಲಿನ ಪಟ್ಟೆಗಳಿಂದ ಒಂದೊಂದು ಹುಲಿಯನ್ನೂ ಬೇರೆಯಾಗಿ ಗುರುತಿಸಿ, ಸಂಖ್ಯೆಯನ್ನು ಅಂದಾಜು ಮಾಡುವ ವಿಧಾನವನ್ನು ರೂಪಿಸಿದರು. ಅಲ್ಲಿ ಕಾದು ಕುಳಿತ ಮನುಷ್ಯನಿಲ್ಲ, ಅಟ್ಟುವ ಜೀಪಿಲ್ಲ. ಚಿತ್ರ ಒಬ್ಬನ ಹೆಮ್ಮೆಯ ಗೋಡೆಗಲ್ಲ, ಲೆಕ್ಕದ ಪುಸ್ತಕಕ್ಕೆ. ಹವ್ಯಾಸಿಗಳಲ್ಲಿ ಕಾಣುವ ಆಸೆ ಬೇರೆ ಬಗೆಯದು. ಒಂದೇ ಮಿಂಚುಳ್ಳಿಯ ಸಾವಿರ ಚಿತ್ರಗಳು, ಯಾರು ಎಷ್ಟು ಜಾತಿ ಕಂಡರೆಂಬ ಪಟ್ಟಿ. ಪರಿಗ್ರಹಕ್ಕೆ ತೂಕ ಇರಲೇಬೇಕೆಂದಿಲ್ಲ.

ಹಿಂದಿನ ವರ್ಷ ಬಯಲುಸೀಮೆಯ ಬಸದಿ ಟ್ರಸ್ಟೊಂದರ ಹಿರಿಯರು ತಮ್ಮ ಕ್ಯಾಲೆಂಡರಿಗಾಗಿ ಹನ್ನೆರಡು ಚಿತ್ರಗಳನ್ನು ಕೇಳಿದರು. ಅವರಿಗೆ ಮುಖ್ಯವಾಗಿ ಬೇಕಾಗಿದ್ದುದು ಮಂಗಟ್ಟೆ ಗೂಡಿನ ಸೀಳಿಗೆ ಹಣ್ಣು ಕೊಡುವ ಚಿತ್ರ. “ಗೃಹಸ್ಥಧರ್ಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಎಲ್ಲಿ ಸಿಗುತ್ತದೆ, ನೀವೇ ಹೇಳಿ” ಎಂದರು. ಅಂಥ ಚಿತ್ರ ನನ್ನಲ್ಲಿಲ್ಲ, ತೆಗೆಯುವುದೂ ಇಲ್ಲವೆಂದು ಕಾರಣ ತಿಳಿಸಿದೆ. ಅವರು ಸುಮ್ಮನೆ ಒಪ್ಪುವವರಲ್ಲ. “ಐನೂರು ಮನೆಗಳ ಮಕ್ಕಳು ಆ ಚಿತ್ರ ನೋಡಿ ಹಕ್ಕಿಯನ್ನು ಪ್ರೀತಿಸುವುದಾದರೆ ಅರ್ಧ ಗಂಟೆಯ ಹಸಿವು ದೊಡ್ಡದೇ?” ಎಂದು ಕೇಳಿದರು. ತಳ್ಳಿಹಾಕುವ ಪ್ರಶ್ನೆಯಲ್ಲ. ನಾನು ಹೇಳಿದ್ದು ಇಷ್ಟು: “ಹಿರಿಯರೇ, ತಾನಾಗಿ ಕೈಗೊಂಡರೆ ಅದು ಉಪವಾಸ. ಇನ್ನೊಬ್ಬರ ಮೇಲೆ ಹೇರಿದರೆ ನಮ್ಮ ಶಾಸ್ತ್ರದಲ್ಲಿ ಅದಕ್ಕೆ ಬೇರೆ ಹೆಸರಿದೆ. ಆ ಮಕ್ಕಳಿಗೆ ನಾವು ಕೊಡುವುದು ಯಾವುದರ ಚಿತ್ರ?” ಅವರು ತುಸು ಹೊತ್ತು ಮೌನವಾಗಿದ್ದು, “ಸರಿ, ನಿಮ್ಮಲ್ಲಿ ಇರುವುದನ್ನು ಕಳುಹಿಸಿ” ಎಂದರು. ಪೂರ್ತಿ ಒಪ್ಪಿದರೆಂದು ಈಗಲೂ ನನಗೆ ಅನ್ನಿಸುವುದಿಲ್ಲ.

ನವೆಂಬರಿನಲ್ಲಿ, ಗೂಡಿನ ಕಾಲವಲ್ಲದಾಗ, ಹಣ್ಣು ಬಿಟ್ಟ ಗೋಣಿಮರವೊಂದರಲ್ಲಿ ಕುಳಿತ ಮಂಗಟ್ಟೆಯನ್ನು ರಸ್ತೆಯಿಂದಲೇ ತೆಗೆದಿದ್ದೆ. ಅದನ್ನು ಕಳುಹಿಸಿದೆ. ಮುದ್ರಣಾಲಯದವರು ಫೋನು ಮಾಡಿ, ಹಕ್ಕಿ ಬಹಳ ಸಣ್ಣದಾಗಿದೆ, ಸುತ್ತಲಿನದನ್ನು ಕತ್ತರಿಸಿ ದೊಡ್ಡದು ಮಾಡಲೇ ಎಂದು ವಿಚಾರಿಸಿದರು. ಮರವೂ ಇರಲಿ ಎಂದೆ. ಮಹಾವೀರ ಜಯಂತಿಯ ಕೆಂಪು ಅಂಕಿಯಿರುವ ಪುಟದ ಮೇಲ್ಭಾಗದಲ್ಲಿ ಅದು ಹಾಗೆಯೇ ಅಚ್ಚಾಗಿದೆ.