ಹಿತ್ತಿಲ ಪಾಕ

ಕಾಕಂಬಿ ಎಂದೊಡನೆ ಪತ್ರಿಕೆ ಓದುವ ನಗರವಾಸಿಗಳ ಮೂಗು ಸ್ವಲ್ಪ ಸೊಟ್ಟಗಾಗುತ್ತದೆ. ಅದರಲ್ಲಿ ಅವರ ಅಪರಾಧವೇನಿಲ್ಲ. ಪತ್ರಿಕೆಗಳಲ್ಲಿ ಬರುವ ಕಾಕಂಬಿ ಸಕ್ಕರೆ ಕಾರ್ಖಾನೆಯದು. ಸಕ್ಕರೆಯ ಹರಳೆಲ್ಲ ಬೇರ್ಪಟ್ಟ ಮೇಲೆ ಉಳಿಯುವ ಕಪ್ಪು ರಾಡಿ. ಅದರಿಂದ ಮದ್ಯಸಾರ ತೆಗೆಯುತ್ತಾರೆ. ಅದರ ಮೇಲೆ ಅಬಕಾರಿ ಇಲಾಖೆಯ ಕಣ್ಣಿರುತ್ತದೆ. ಅದನ್ನು ಹೊತ್ತ ಟ್ಯಾಂಕರು ಉರುಳಿಬಿದ್ದರೆ ಮಾತ್ರ ಅದು ಸುದ್ದಿ. ನಾನು ಹೇಳಹೊರಟಿರುವುದು ಅದರ ಹಿರಿಯಕ್ಕನ ವಿಚಾರ. ಕಬ್ಬಿನ ಹಾಲನ್ನು ಕಾಯಿಸುತ್ತ ಕಾಯಿಸುತ್ತ, ಅದು ಬೆಲ್ಲವಾಗುವುದಕ್ಕೆ ತುಸು ಮೊದಲು ಜೇನಿನ ಹದದಲ್ಲಿ ಇಳಿಸಿಕೊಂಡರೆ ಅದೂ ಕಾಕಂಬಿಯೇ. ಮಲೆನಾಡಿನವರು ಅದನ್ನು ಜೋನಿಬೆಲ್ಲ ಎನ್ನುತ್ತಾರೆ. ಗಡಿಯಾಚೆಯ ಮರಾಠಿಗರಿಗೆ ಅದು ಕಾಕವಿ. ಒಂದೇ ಹೆಸರಿನ ಇಬ್ಬರಲ್ಲಿ ಒಬ್ಬನ ಹೆಸರು ಪೊಲೀಸ್ ಠಾಣೆಯಲ್ಲಿದ್ದರೆ ಇನ್ನೊಬ್ಬನಿಗೂ ಕಷ್ಟವೇ. ಒಂದು ಸೋಮವಾರ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ, “ನಿನ್ನೆ ಊರಲ್ಲಿ ಕಾಕಂಬಿ ಕಾಯಿಸಿದೆವು” ಎಂದೆ. ಅರ್ಥಶಾಸ್ತ್ರದ ಮಿತ್ರರು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಎಷ್ಟು ಬಾಟಲಿ ಆದವ್ರಿ?” ಎಂದು ಕೇಳಿದರು. ಆರು ಎಂದೆ. ಒಂದು ತಮಗೆ ಇರಲಿ ಎಂದರು. ಕೊಟ್ಟೆ. ಚಪಾತಿಯೊಡನೆ ಬಲು ರುಚಿಯಾಗಿತ್ತೆಂದು ಮರುದಿನ ಅವರ ಮನೆಯವರು ಫೋನು ಮಾಡಿ ಹೇಳಿದರು. ಮಿತ್ರರು ಮಾತ್ರ ಒಂದು ವಾರ ನನ್ನೊಡನೆ ಹೆಚ್ಚು ಮಾತಾಡಲಿಲ್ಲ.

ನಮ್ಮ ಊರು ಆಳಂದ ತಾಲ್ಲೂಕಿನ ಸರಸಂಬಾ. ನಾನು ಕಲಬುರಗಿಯಲ್ಲಿ ಕನ್ನಡ ಪಾಠ ಹೇಳುತ್ತೇನೆ. ಶನಿವಾರ ಸಂಜೆಯ ಬಸ್ಸಿಗೆ ಊರು ಸೇರುತ್ತೇನೆ. ನಮ್ಮದು ಕಪ್ಪು ನೆಲ, ಮಳೆಯ ಬೇಸಾಯ. ಇಲ್ಲಿ ಯಜಮಾನಿಕೆ ತೊಗರಿಯದು; ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಕಬ್ಬು ಏನಿದ್ದರೂ ಬಾವಿಯಲ್ಲಿ ನೀರಿದ್ದವರ ಬೆಳೆ. ಭೀಮೆಯ ದಂಡೆಯ ಅಫಜಲಪುರದ ಕಡೆಗೆ ಹೋದರೆ ಅದು ಹೆಚ್ಚು. ಚಳಿಗಾಲ ಬಂತೆಂದರೆ ಕಡಿದ ಕಬ್ಬೆಲ್ಲ ಟ್ರ್ಯಾಕ್ಟರು ಏರಿ ಭೂಸನೂರಿಗೋ ಹಾವಳಗಾಕ್ಕೋ ಕಾರ್ಖಾನೆಗೆ ಹೋಗಿಬಿಡುತ್ತದೆ. ಹಿಂದೆ ಹಾಗಿರಲಿಲ್ಲ. ನಮ್ಮದೇ ಹೊಲದ ಮೂಲೆಯಲ್ಲಿ ಒಂದು ಗಾಣವಿತ್ತು. ಮೊದಲು ಎತ್ತಿನದು, ಆಮೇಲೆ ಎಂಜಿನ್ನಿನದು. ೧೯೮೭ರಲ್ಲಿ, ನಾನು ಮೂರನೆಯ ಇಯತ್ತೆಯಲ್ಲಿದ್ದಾಗ, ಅಪ್ಪ ಅದನ್ನು ನಿಲ್ಲಿಸಿದ. ಯಾರೂ ಕಣ್ಣೀರು ಹಾಕಲಿಲ್ಲ. ಗಾಣದ ಮನೆಯ ಮೇಲೆ ಪದ್ಯ ಬರೆಯುವವರು, ಅದರ ಒಲೆಗೆ ಮೂರು ತಿಂಗಳು ರಾತ್ರಿ ಹಗಲು ಉರಿ ಹಾಕಿದವರಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಗಾಣ ನಿಂತಾಗ ಅದರ ಜೊತೆ ಇನ್ನೊಂದೂ ನಿಂತಿತು. ಕುದಿಯುವ ರಸವನ್ನು ನೋಡಿ “ಸಾಕು, ಇಳಿಸು” ಎನ್ನಬಲ್ಲವರ ಕೆಲಸ. ನಮ್ಮ ಗಾಣಕ್ಕೆ ಪಾಕ ನೋಡುವ ಮುದುಕನೊಬ್ಬ ಗಡಿಯಾಚೆಯಿಂದ ಬರುತ್ತಿದ್ದ. ಅವನಿಗೆ ಜ್ವರ ಬಂದ ವರ್ಷ ಸೌಟು ಹಿಡಿದವಳು ನಮ್ಮವ್ವ. ಆಮೇಲೆ ಅವನು ಗುಣವಾಗಿ ಬಂದರೂ ಪಾಕದ ಹೊತ್ತಿಗೆ ಅವ್ವನ ಮುಖ ನೋಡುತ್ತಿದ್ದನಂತೆ.

ಅವ್ವನಿಗೆ ಈಗ ಎಪ್ಪತ್ತಾರು. ಅಪ್ಪ ಹೋಗಿ ಮೂರು ವರ್ಷವಾಯಿತು. ಅಂದಿನಿಂದ ಅವಳ ಮಾತು ಮೊಟಕಾಗುತ್ತ ಬಂದು, “ಬಂದ್ಯಾ?”, “ಉಂಡ್ಯಾ?”, “ಬಸ್ ಎಷ್ಟಕ್ಕ ಅದ?” ಈ ಮೂರು ಪ್ರಶ್ನೆಗಳಲ್ಲಿ ನನ್ನ ವಾರದ ಭೇಟಿ ಮುಗಿಯುತ್ತಿತ್ತು. ಜೊತೆಗೆ ಕಣ್ಣು. ಅವಳದು ಗ್ಲಾಕೋಮಾ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳುವುದಕ್ಕಷ್ಟೇ ಹನಿ ಔಷಧ ಎಂದು ವೈದ್ಯರು ಹೇಳಿದ್ದಾರೆ.

ಹೀಗಿರುವಾಗ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಕೆಲಸದಲ್ಲಿರುವ ನನ್ನ ಅಕ್ಕನ ಮಗ ರಜೆಗೆ ಬಂದ. ಬರುವಾಗ ಆಯಿಗೆಂದು ಒಂದು ಬಾಟಲಿ ಮೇಪಲ್ ಪಾಕ ತಂದ. ಅಲ್ಲಿ ಚಳಿಗಾಲ ಮುಗಿಯುತ್ತ ಬಂದಾಗ, ರಾತ್ರಿ ನೀರು ಹೆಪ್ಪುಗಟ್ಟಿ ಹಗಲು ಕರಗುವ ಆ ಕೆಲವು ವಾರಗಳಲ್ಲಿ, ಮೇಪಲ್ ಮರದ ಕಾಂಡಕ್ಕೆ ಸಣ್ಣ ರಂಧ್ರ ಕೊರೆದು ಕೊಳವೆ ಸಿಗಿಸಿದರೆ ನೀರಿನಂಥ ರಸ ತೊಟ್ಟಿಕ್ಕುತ್ತದಂತೆ. ಅದರಲ್ಲಿ ಸಿಹಿ ನೂರಕ್ಕೆ ಎರಡು ಪಾಲು. ೪೦ ಲೀಟರು ರಸ ಕುದಿದು ಕುದಿದು ಒಂದು ಲೀಟರಾದರೆ ಅದು ಈ ಪಾಕ. ಆ ನಾಡಿನ ಮೂಲನಿವಾಸಿಗಳಿಂದ ಬಂದ ವಿದ್ಯೆ ಅದು. ಈಗ ಲೋಕದ ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಕ್ವಿಬೆಕ್ ಪ್ರಾಂತವೊಂದರಲ್ಲೇ ಆಗುತ್ತದೆ. ವ್ಯಾಪಾರ ಮಾಡುವವರು ಮಾತ್ರವಲ್ಲ, ಮನೆಯ ಹಿಂದೆ ಎರಡು ಮರವಿದ್ದವರು ಕೂಡ ರಜೆಯ ದಿನ ಹಿತ್ತಿಲಲ್ಲಿ ಒಲೆ ಹೂಡಿ ಹವ್ಯಾಸಕ್ಕೆಂದು ಕಾಯಿಸುತ್ತಾರೆ. ಇದನ್ನೆಲ್ಲ ಹುಡುಗ ಹೇಳುತ್ತಿದ್ದಾಗ ಅವ್ವ ಬೆರಳಿಗೆ ಒಂದು ಹನಿ ಹಚ್ಚಿಕೊಂಡು ನೆಕ್ಕಿದಳು.

“ಇದು ನಮ್ಮ ಕಾಕಂಬಿನೇ. ಜರಾ ತೆಳ್ಳಗ ಅದ. ಎಷ್ಟು ಕೊಟ್ಟಿ?”

ಅವನು ಡಾಲರನ್ನು ರೂಪಾಯಿ ಮಾಡಿ ಹೇಳಿದ. ಅವ್ವ ತುಸು ಹೊತ್ತು ಸುಮ್ಮನಿದ್ದಳು. ಬಳಿಕ, “ನಲವತ್ತು ಕೊಡ ಕುದಿಸಿದ್ರ ಒಂದು ಕೊಡ! ಪಾಪ, ಆ ಮಂದಿಗಿ ಕಬ್ಬು ಬೆಳೀಲಕ್ಕ ಬರಲ್ಲೇನು?” ಎಂದಳು. ಅದಾದ ಮೇಲೆ ನನ್ನ ಕಡೆ ತಿರುಗಿ, ಮುಂದಿನ ಐತವಾರ ಬರುವಾಗ ಚಿಕ್ಕಪ್ಪನ ಮಗನ ಹೊಲದಿಂದ ಒಂದು ಹೊರೆ ಕಬ್ಬು ತರಿಸು ಎಂದಳು. ಮೂರು ವರ್ಷದಲ್ಲಿ ಅವಳು ಏನನ್ನಾದರೂ ತರಿಸು ಎಂದದ್ದು ಅದೇ ಮೊದಲು.

ಕಬ್ಬು ಬಂತು, ೪೦ ಕಿಲೋ ಮೇಲಿತ್ತು. ಗಾಣ ಎಲ್ಲಿಂದ ತರುವುದು? ಬೇಸಿಗೆಯಲ್ಲಿ ಬಸ್ ನಿಲ್ಲುವಲ್ಲಿ ಕಬ್ಬಿನ ಹಾಲು ಮಾರುವ ಗಾಡಿಯವನು ಹಿತ್ತಿಲಿಗೇ ಗಾಡಿ ತಳ್ಳಿಕೊಂಡು ಬಂದ. ನಿಂಬೆಹಣ್ಣು, ಶುಂಠಿ, ಐಸು ಏನೂ ಬೇಡವೆಂದಾಗ ಅವನ ಮುಖ ಸಣ್ಣದಾಯಿತು. ಇಪ್ಪತ್ತು ಲೀಟರು ಹಾಲು ಆಯಿತು. ಕಬ್ಬಿನ ಹಾಲು ಕಾಯುವುದಿಲ್ಲ, ಅಂದರೆ ನಮಗಾಗಿ ಕಾಯುವುದಿಲ್ಲ; ಕೆಲವು ಗಂಟೆ ಇಟ್ಟರೆ ಹುಳಿಯಾಗತೊಡಗುತ್ತದೆ. ಹಿಂಡಿದೊಡನೆ ಬಟ್ಟೆಯಲ್ಲಿ ಸೋಸಿ ಒಲೆಗೇರಿಸಬೇಕು. ಮದುವೆಯ ಅಡುಗೆಗೆ ಬಳಸುವ ಅಗಲವಾದ ಕಡಾಯಿಯೊಂದನ್ನು ಎರವಲು ತಂದಿದ್ದೆವು. ಪಾತ್ರೆ ಅಗಲವಿದ್ದಷ್ಟೂ ಆವಿ ಬೇಗ ಹೋಗುತ್ತದೆ.

ಮೊದಲ ಒಂದು ಗಂಟೆ ತೊಗರಿ ಕಟ್ಟಿಗೆಯ ಉರಿ. ತೊಗರಿ ಕಟ್ಟಿಗೆ ಧಗ್ಗನೆ ಹತ್ತಿ ಧಗ್ಗನೆ ಆರುವ ಸ್ವಭಾವದ್ದು. ಒಬ್ಬರು ಒಲೆಯ ಬಾಯಲ್ಲೇ ಕೂಡಬೇಕು. ಹಾಲು ಕುದಿಗೆ ಬರುವ ಮೊದಲೇ ಮೇಲೆ ಹಸಿರುಗಪ್ಪು ಕೊಳೆ ದಪ್ಪನೆಯ ಕಂಬಳಿಯಂತೆ ಏಳುತ್ತದೆ. ಅದು ಒಡೆಯುವ ಮೊದಲು ಜಾಲರಿ ಸೌಟಿನಿಂದ ತೆಗೆಯಬೇಕು. ಕುದಿ ಬಂದು ಒಡೆಯಿತೆಂದರೆ ಕೊಳೆ ಮತ್ತೆ ಒಳಗೇ ಬೆರೆತು, ಪಾಕ ಕೊನೆಯವರೆಗೂ ಮಬ್ಬಾಗಿ ಉಳಿಯುತ್ತದೆ. ಬೆಂಡೆಯ ಗಿಡದ ಕಾಂಡವನ್ನು ಜಜ್ಜಿ ನೀರಲ್ಲಿ ನೆನೆಹಾಕಿ, ಆ ಲೋಳೆಯನ್ನು ಅವ್ವ ಎರಡು ಸಲ ಹೊಯ್ದಳು. ಲೋಳೆ ಸಣ್ಣ ಸಣ್ಣ ಕಸವನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ. ಎಲೆಗೆ ಹಚ್ಚುವ ಸುಣ್ಣದ ತಿಳಿನೀರು ಒಂದು ಚಮಚ. ಬಣ್ಣ ಬಿಳುಪಾಗಲೆಂದು ಬೆಲ್ಲ ಮಾಡುವವರು ಕೆಲವರು ಹಾಕುವ ರಾಸಾಯನಿಕದ ಪುಡಿಯನ್ನು ನಾವು ಮುಟ್ಟಲಿಲ್ಲ. ಆದ್ದರಿಂದ ನಮ್ಮ ಕಾಕಂಬಿ ಕಂದು. ಊರಿನವರು “ಕರ್ರಗ ಅದಲ್ಲ” ಎಂದು ಮುಖ ಸಿಂಡರಿಸಿದರು, ಕಲಬುರಗಿಯಲ್ಲಿ ಅದೇ ಬಣ್ಣ ನೋಡಿ “ಸಾವಯವವೇ?” ಎಂದು ಗೌರವದಿಂದ ಕೇಳಿದರು.

ಎರಡನೆಯ ಗಂಟೆಯಿಂದ ಜಾಲಿ ಕಟ್ಟಿಗೆ. ಅದು ಸಮಾಧಾನದ ಉರಿ. ನೊರೆ ಉಕ್ಕಿ ಕಡಾಯಿಯ ಅಂಚು ದಾಟಲು ಬಂದಾಗ ಎರಡು ಹನಿ ಔಡಲೆಣ್ಣೆ ಬಿಟ್ಟರೆ ಪೊಲೀಸನನ್ನು ಕಂಡ ಗುಂಪಿನಂತೆ ಕೆಳಗಿಳಿಯುತ್ತದೆ. ಕೊನೆಗೆ ಅರ್ಧ ನಿಂಬೆಹಣ್ಣಿನ ರಸ. ಇಲ್ಲದಿದ್ದರೆ ತಿಂಗಳೊಳಗೆ ಬಾಟಲಿಯ ತಳದಲ್ಲಿ ಸಕ್ಕರೆಯ ಹರಳು ಕೂಡುತ್ತದೆ. ಇಷ್ಟೆಲ್ಲ ಯಾರಿಗಾದರೂ ಹೇಳಿಕೊಡಬಹುದು. ಕಷ್ಟವಿರುವುದು ಕೊನೆಯ ಹತ್ತು ನಿಮಿಷದಲ್ಲಿ. ಬೇಗ ಇಳಿಸಿದರೆ ಬಾಟಲಿಯಲ್ಲಿ ಹುಳಿ ಬರುತ್ತದೆ, ತಡವಾದರೆ ಬೆಲ್ಲದ ಹಾದಿ ಹಿಡಿಯುತ್ತದೆ.

ಅಳಿಯ ಇದಕ್ಕೊಂದು ಉಪಾಯ ಮಾಡಿ ಹೋಗಿದ್ದ. ಪಾಕಕ್ಕೆಂದೇ ಇರುವ ಉಷ್ಣಮಾಪಕವೊಂದನ್ನು ಆಯಿಯ ಹೆಸರಿಗೆ ತರಿಸಿಕೊಟ್ಟಿದ್ದ. ಮೇಪಲ್ ಪಾಕಕ್ಕೆ ಲೆಕ್ಕ ಸ್ಪಷ್ಟ: ನೀರು ಕುದಿಯುವ ಬಿಸಿಗಿಂತ ನಾಲ್ಕು ಡಿಗ್ರಿ ಮೇಲೆ. ಕಾಕಂಬಿಗೆ ಇನ್ನೂ ಒಂದೆರಡು ಹೆಚ್ಚು, ೧೦೫ರ ಆಸುಪಾಸು. ಆದರೆ ಸಮುದ್ರಮಟ್ಟದಿಂದ ೪೫೦ ಮೀಟರಿನಷ್ಟು ಮೇಲಿರುವ ನಮ್ಮ ಸೀಮೆಯಲ್ಲಿ ನೀರೇ ೯೮ ಚಿಲ್ಲರೆಗೆ ಕುದಿಯುತ್ತದೆ, ಅಷ್ಟನ್ನು ಕಳೆದುಕೊಳ್ಳಬೇಕು. ಹುಡುಗ ಅದನ್ನೂ ಕಾಗದದಲ್ಲಿ ಬರೆದಿಟ್ಟಿದ್ದ.

ಅವ್ವ ಮಾಪಕವನ್ನು ಕೈಯಲ್ಲಿ ಸವರಿ ನೋಡಿ ಪಕ್ಕಕ್ಕಿಟ್ಟಳು. ಕಡಾಯಿಯ ಬಣ್ಣ ಅವಳಿಗೆ ಕಾಣುವುದಿಲ್ಲ, ಎಳೆ ಕಾಣುವುದಿಲ್ಲ, ಗುಳ್ಳೆಯೂ ಕಾಣುವುದಿಲ್ಲ. ಒಲೆಗೆ ಓರೆಯಾಗಿ, ಬಲಗಿವಿ ಕಡಾಯಿಯ ಕಡೆಗಿರುವಂತೆ ಕೂತಳು. ಮೊದಮೊದಲು ರಸ ಗಳಗಳ ಎನ್ನುತ್ತದೆ. ಆಮೇಲೆ ಕೊತಕೊತ. ನೀರು ಹೋದಂತೆ ಗುಳ್ಳೆ ಚಿಕ್ಕದಾಗಿ, ಮಂದವಾಗಿ, ಒಡೆಯುವುದಕ್ಕೆ ಸೋಮಾರಿಯಾಗುತ್ತದೆ. “ಕೇಳು ತಮ್ಮಾ, ಇಷ್ಟೊತನ ಮಾತಾಡ್ಲಕತ್ತಿತ್ತು. ಈಗ ಗೊಣಗ್ಲಕತ್ತದ” ಎಂದಳು. ಸೌಟು ಹಾಕಿ ಒಮ್ಮೆ ಎಳೆದು, ಅದರ ಭಾರವನ್ನು ಮಣಿಕಟ್ಟಿನಲ್ಲಿ ನೋಡಿ, “ಉರಿ ತಗಿ” ಎಂದಳು. ನಾನು ಗುಟ್ಟಾಗಿ ಮಾಪಕ ಅದ್ದಿದೆ. ೧೦೪.

ಇಪ್ಪತ್ತು ವರ್ಷದಿಂದ ನಾನು ತರಗತಿಯಲ್ಲಿ ಕಾವ್ಯಪಾಕದ ಪಾಠ ಮಾಡುತ್ತಿದ್ದೇನೆ. ಒಂದು ಪದ ತೆಗೆದು ಇನ್ನೊಂದನ್ನು ಇಡಲಾಗದ ಸ್ಥಿತಿಯೇ ಪಾಕ ಎಂಬುದು ವಾಮನನ ಮತ. ರಾಜಶೇಖರ ‘ಕಾವ್ಯಮೀಮಾಂಸೆ’ಯಲ್ಲಿ ಅದನ್ನು ಹೇಳಿ, ಕೂಡಲೇ ತನ್ನ ಹೆಂಡತಿ ಅವಂತಿಸುಂದರಿಯ ಆಕ್ಷೇಪವನ್ನೂ ಬರೆದಿಟ್ಟಿದ್ದಾನೆ: ಬದಲಿಸಲು ಬಾರದಿರುವುದು ಕವಿಯ ಅಶಕ್ತಿ, ಪಾಕವಲ್ಲ, ದೊಡ್ಡ ಕವಿಗಳು ಒಂದೇ ವಸ್ತುವನ್ನು ಹಲವು ಬಗೆಯಲ್ಲಿ ಹೇಳಿದರೂ ಎಲ್ಲವೂ ಪಕ್ವವಾಗಿರಬಹುದು ಎಂದು. ಹೆಂಡತಿಯ ಮಾತನ್ನು ಗ್ರಂಥದಲ್ಲಿ ದಾಖಲಿಸಿದ ಆ ಪಂಡಿತನ ಮೇಲೆ ನನಗೆ ಮೊದಲಿಂದಲೂ ಪ್ರೀತಿ. ಅವನು ಪಾಕಗಳ ಪಟ್ಟಿಯನ್ನೂ ಕೊಡುತ್ತಾನೆ, ಬೇವಿನಿಂದ ತೆಂಗಿನವರೆಗೆ ಒಂಬತ್ತು. ಬದನೆ, ಹುಣಸೆ, ಸೌತೆ ಎಲ್ಲ ಇವೆ. ಒಂಬತ್ತೂ ಗಿಡಬಳ್ಳಿಗಳಲ್ಲಿ ತಾವಾಗಿ ಮಾಗುವಂಥವು. ಒಂದೂ ಒಲೆಯ ಮೇಲಿನದಲ್ಲ. ಅವಂತಿಸುಂದರಿಗೆ ಪಟ್ಟಿ ಮಾಡಲು ಬಿಟ್ಟಿದ್ದರೆ ಹತ್ತನೆಯದು ಇರುತ್ತಿತ್ತೇನೋ.

ನಮ್ಮ ಹಿತ್ತಿಲಲ್ಲಿಯೂ ವಾದ ಹೀಗೇ ನಡೆಯಿತು. ರಾತ್ರಿ ಫೋನಿನಲ್ಲಿ ಅಳಿಯ ವಾಮನನ ಪಕ್ಷ ಹಿಡಿದ: ೧೦೫ ಎಂದರೆ ೧೦೫, ಬದಲಿಸಕೂಡದು. ಅವ್ವನದು ಅವಂತಿಸುಂದರಿಯ ಪಕ್ಷ. ಈಗಲೇ ರೊಟ್ಟಿಗೆ ಹಚ್ಚಿ ತಿನ್ನುವುದಾದರೆ ಒಂದು ಪಾಕ, ಶ್ರಾವಣದ ತನಕ ಇಡುವುದಾದರೆ ಇನ್ನೊಂದು, ಕೆಮ್ಮುವ ಕೂಸಿಗೆ ಶುಂಠಿಯೊಡನೆ ನೆಕ್ಕಿಸುವುದಾದರೆ ಮತ್ತೊಂದು. “ಯಾರಿಗಿ ಅಂಬೂದು ಕೇಳದೆ ಪಾಕ ಹ್ಯಾಂಗ ಹೇಳ್ಲಿ?” ಎಂದಳು. ಅಷ್ಟಕ್ಕೆ ನಿಲ್ಲಲಿಲ್ಲ. ಗಾಣದ ಮುದುಕ ಸೌಟಿಗೆ ದಿನಾ ಕೈಮುಗಿಯುತ್ತಿದ್ದದ್ದು, ಅಪ್ಪ ಮೊದಲ ಕಾಕಂಬಿಯನ್ನು ಎತ್ತುಗಳಿಗೆ ತಿನ್ನಿಸುತ್ತಿದ್ದದ್ದು, ಗಾಣ ಮಾರಿದ ದಿನ ಅವನು ಉಣ್ಣದೆ ಮಲಗಿದ್ದು, ನಾನು ಇದುವರೆಗೆ ಕೇಳದಿದ್ದ ಸಂಗತಿಗಳೆಲ್ಲ ಆ ರಾತ್ರಿ ಹೊರಬಂದವು. ನನ್ನ ಸೋಮವಾರದ ಬೆಳಗಿನ ಬಸ್ಸು ಎಷ್ಟಕ್ಕೆ ಎಂದು ಕೇಳುವುದನ್ನೇ ಮರೆತಳು.

ಖರ್ಚಿನ ಲೆಕ್ಕ ನನ್ನ ಹೆಂಡತಿ ಬರೆದಿಟ್ಟಿದ್ದಾಳೆ. ಕಬ್ಬು, ಗಾಡಿಯವನ ಕೂಲಿ, ಕಟ್ಟಿಗೆ, ಬಾಟಲಿ. “ಏನ್ರೀ, ಇದರ ಅರ್ಧ ರೊಕ್ಕಕ್ಕ ಬಜಾರದಾಗ ಸಿಗ್ತದ” ಎಂದಳು. ಸಿಗುತ್ತದೆ. ಇಪ್ಪತ್ತು ಲೀಟರಿಗೆ ನಾಲ್ಕು ಲೀಟರು. ಮೇಪಲ್‌ನವರಿಗಿಂತ ನಾವು ಸುಖಿಗಳು ಎಂದು ನಾನು ಅಂದದ್ದಕ್ಕೆ ಅವಳು ನಗಲಿಲ್ಲ. ಆದರೂ ಮುಂದಿನ ಮೂರು ಸಲ ಕಾಯಿಸಿದಾಗ ಅವಳೇ ರಜೆ ಹೊಂದಿಸಿಕೊಂಡು ಬಂದಳು. ಒಲೆಯ ಬಾಯಿಗೆ ಅವಳಷ್ಟು ಚೆನ್ನಾಗಿ ಕೂಡುವವರಿಲ್ಲ.

ಒಟ್ಟು ನಾಲ್ಕು ಸಲ ಕಾಯಿಸಿದೆವು. ಆ ಸಪ್ಪಳ ಕಲಿಯಲೇಬೇಕೆಂದು ನಾನು ಕಣ್ಣು ಮುಚ್ಚಿ ಕೂತೆ. ಫೋನಿನಲ್ಲಿ ಧ್ವನಿ ಹಿಡಿದಿಟ್ಟು ವಾರವೆಲ್ಲ ಕೇಳಿದೆ. ಅದನ್ನು ಅವ್ವನಿಗೆ ಕೇಳಿಸಿದರೆ, “ಇದು ಪತ್ರಾದ ಮ್ಯಾಲ ಮಳಿ ಬಿದ್ದಂಗದ” ಎಂದಳು. ನಾಲ್ಕನೆಯ ಸಲ, ಕರೆಂಟು ಹೋಗಿ ಹಿತ್ತಿಲು ಕತ್ತಲಾಗಿದ್ದಾಗ, “ಅವ್ವಾ, ಈಗ!” ಎಂದೆ. ಸರಿಯಾಗಿತ್ತು. ನಾನು ಹಿಗ್ಗುವಷ್ಟರಲ್ಲಿ ಅವಳು, “ನಾ ಸೌಟು ಎತ್ತಿದ ಸಪ್ಪಳ ಕೇಳಿ ಹೇಳ್ದಿ” ಎಂದು ನಕ್ಕಳು.

ಈಗ ಕಬ್ಬಿನ ಹಂಗಾಮು ಮುಗಿದಿದೆ. ಬಚ್ಚಲ ನೀರು ಹೋಗುವ ಕಾಲುವೆಯ ಪಕ್ಕ ಅವ್ವ ಹನ್ನೆರಡು ಕಬ್ಬಿನ ತುಂಡು ಊರಿಸಿದ್ದಾಳೆ. ಆಡು ಬರದಂತೆ ಮುಳ್ಳಿನ ಬೇಲಿ ಹಾಕುವ ಕೆಲಸ ನನ್ನದು. ಉಳಿದಿರುವುದು ಎರಡು ಬಾಟಲಿ, ಒಂದು ಗಟ್ಟಿ, ಒಂದು ತೆಳು. ಅಳಿಯನ ಸ್ನೇಹಿತನೊಬ್ಬ ಮುಂದಿನ ತಿಂಗಳು ಟೊರಾಂಟೊಗೆ ಹೊರಟಿದ್ದಾನೆ. ಯಾವುದನ್ನು ಕಳಿಸಲಿ ಎಂದು ಕೇಳಿದೆ. ಅವ್ವ ಎರಡೂ ಬಾಟಲಿಗಳನ್ನು ಕಿವಿಯ ಹತ್ತಿರ ಹಿಡಿದು ಒಂದೊಂದಾಗಿ ಅಲುಗಾಡಿಸಿ, ಒಂದನ್ನು ನನ್ನ ಕಡೆ ಸರಿಸಿದಳು.

“ಅಲ್ಲಿ ಚಳಿ ಭಾಳ ಅಂತಾನ. ಗಟ್ಟಿದು ಬಾಟಲಿಂದ ಬೀಳಲ್ಲ. ತೆಳ್ಳಂದೇ ಕಳಸು.”